ತವುಡಿಗೆ ಕೊಂಡ ಕೂಸು

ದಿಂಡಿಗಲ್
8 ಜೂನ್ 1998

ದೊಡ್ಡಮ್ಮನಿಗೆ ಸುಗನ್ಯಾಳ ನಮಸ್ಕಾರ.

ಮೊದಲು ಸುದ್ದಿ, ಕ್ಷೇಮಸಮಾಚಾರ ಆಮೇಲೆ. ನಿಮ್ಮನ್ನು ಶ್ರೀಲಂಕಾಕ್ಕೆ ಸಾಗಿಸಬೇಕೆಂಬ ಆದೇಶಕ್ಕೆ ಮದ್ರಾಸಿನ ಹೈಕೋರ್ಟು ತಡೆ ಕೊಟ್ಟಿದೆ. ಶುಕ್ರವಾರ ನಮ್ಮ ಸೀನಿಯರ್ ವಾದ ಮಾಡಿದರು, ನಾನು ಹಿಂದೆ ಫೈಲು ಹಿಡಿದು ನಿಂತಿದ್ದೆ. ನ್ಯಾಯಾಧೀಶರು ಕೇಳಿದ್ದು ಒಂದೇ ಪ್ರಶ್ನೆ: "ಈ ಹೆಂಗಸನ್ನು ಕೂರಿಸಿಕೊಂಡು ಯಾರಾದರೂ ವಿಚಾರಿಸಿದ್ದೀರಾ?" ಸರ್ಕಾರದ ವಕೀಲರು ಫೈಲಿನ ಹಾಳೆ ತಿರುವಿದರು, ಮತ್ತೆ ತಿರುವಿದರು, ಕೊನೆಗೆ ಇಲ್ಲವೆಂದರು. ಹಾಗಾದರೆ ವಿಚಾರಿಸದೆ ಕಳಿಸುವಂತಿಲ್ಲ ಎಂದು ನ್ಯಾಯಾಧೀಶರು ಹೇಳಿದರು. ಅಷ್ಟೇ. ನಾನು ಹೊರಗೆ ಬಂದು ಒಟ್ಟಿಗೆ ಎರಡು ಬಾಟಲಿ ಸೋಡಾ ಕುಡಿದೆ.

ಅರ್ಜಿಯನ್ನು ಬರೆದವಳು ನಾನೇ. ಕನ್ನಡದಲ್ಲಿ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. "ಅರ್ಜಿದಾರಳು ಪಾಂಡಿಯಮ್ಮಾಳ್, ವಯಸ್ಸು 48, ವಿಧವೆ, ಮಕ್ಕಳಿಲ್ಲ. ತಂದೆತಾಯಿ ಸಿಲೋನಿನ ಟೀ ತೋಟದ ಕೂಲಿಗಳು. 1984ರಲ್ಲಿ ಅಲ್ಲಿಯ ಗಲಭೆಗೆ ಹೆದರಿ ದೋಣಿಯಲ್ಲಿ ಬಂದು, ಅಂದಿನಿಂದ ಕಾಮಯಗೌಂಡನ್‌ಪಟ್ಟಿಯಲ್ಲಿ ತನ್ನ ಸೋದರಮಾವನ ಮಗ ಕರುಪ್ಪಸಾಮಿಯ ಮನೆಯಲ್ಲಿದ್ದು, ಅವರ ದ್ರಾಕ್ಷಿ ತೋಟದಲ್ಲಿ ಬಳ್ಳಿ ಸವರುವ ಕೆಲಸ ಮಾಡುತ್ತಾಳೆ. ಕಳೆದ ಮಾರ್ಚಿನಲ್ಲಿ ತಪಾಸಣೆಗೆ ಬಂದ ಪೊಲೀಸರು ಕಾಗದಪತ್ರವಿಲ್ಲವೆಂದು ಕರೆದೊಯ್ದು ಪರದೇಶದವರ ಕ್ಯಾಂಪಿನಲ್ಲಿ ಇಟ್ಟಿದ್ದಾರೆ." ಕರುಪ್ಪಸಾಮಿ ನನ್ನ ಅಪ್ಪ ಎಂಬ ಮಾತನ್ನು ಸೀನಿಯರ್ ಹೊಡೆದುಹಾಕಿದರು.

ಈಗ ಕಷ್ಟದ ಮಾತು. ಒಬ್ಬ ವಿಚಾರಣಾಧಿಕಾರಿ ಕ್ಯಾಂಪಿಗೆ ಬಂದು ನಿಮ್ಮ ಮಾತು ಕೇಳುತ್ತಾರೆ. ಆದರೆ ಪರದೇಶದವರ ಕಾನೂನೇ ಹಾಗೆ, ತಾನು ಪರದೇಶದವಳಲ್ಲ ಎಂದು ತೋರಿಸಬೇಕಾದವರು ನೀವೇ. ಪೊಲೀಸ್ ಕಾಗದದಲ್ಲಿ ನೀವು ಹುಟ್ಟಿದ್ದು ಸಿಲೋನ್ ಎಂದಿದೆ. ಅಪ್ಪ ಮಾತ್ರ, "ಇಲ್ಲೇ ಉಟ್ಟಿದ್ದು ಅಂತ ನಮ್ಮ ಅಜ್ಜಿ ಏಳೋರು" ಅನ್ನುತ್ತಾರೆ. ನಿಮ್ಮ ತಾಯಿ ಏನು ಹೇಳಿದ್ದರು? ನೆನಪಿರುವುದೆಲ್ಲ ಬರೆಯಿರಿ.

ನಮ್ಮ ಮನೆಮಾತನ್ನು ತಮಿಳು ಅಕ್ಷರದಲ್ಲಿ ಬರೆದಿದ್ದೇನೆ, ನಿಮಗೂ ನನಗೂ ಬರುವುದು ಅದೇ ತಾನೆ.

ನಿಮ್ಮ ಸುಗನ್ಯಾ


ಕ್ಯಾಂಪು (ಊರ ಹೆಸರು ಬರೆಯಬಾರದಂತೆ)
17 ಜೂನ್ 1998

ಕಣ್ಣು ಸುಗನ್ಯಾಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಕಾಗದ ಬಂದು ನಾಲ್ಕು ದಿನ ಆಫೀಸಿನಲ್ಲೇ ಕೂತಿತ್ತು. ಅಕ್ಷರ ತಮಿಳು, ಮಾತು ಅರ್ಥವಾಗುವುದಿಲ್ಲ, ಗುಟ್ಟಿನ ಬರಹವಿರಬೇಕೆಂದು ಅವರಿಗೆ ಅನುಮಾನ. ನನ್ನನ್ನು ಕರೆದು "ಇದು ಯಾವ ಭಾಷೆ?" ಎಂದು ತಮಿಳಿನಲ್ಲಿ ಕೇಳಿದರು. ಕನ್ನಡ ಅಂದೆ. ತೇನಿ ಕಡೆಯವಳಿಗೆ ಯಾವ ಕನ್ನಡ ಅಂದರು. "ಸಾರ್, ನಾವು ಕಂಬಂ ಬಯಲಿಗೆ ಬಂದು ಐನೂರು ವರುಸ ಆಯ್ತು ಅಂತಾರೆ, ಇನ್ನೂ ನೀವು ಕೇಳ್ತಾನೇ ಇದ್ದೀರಿ" ಅಂದೆ. ಪಕ್ಕದಲ್ಲಿದ್ದ ಮಹಿಳಾ ಪೊಲೀಸು ನಕ್ಕುಬಿಟ್ಟಳು. ಕಾಗದ ಕೈಗೆ ಬಂತು.

ತಡೆ ಅನ್ನುವ ಪದವನ್ನು ಎಷ್ಟು ಸಲ ಓದಿದೆನೋ. ಇಲ್ಲಿ ಹನ್ನೊಂದು ಹೆಂಗಸರಿದ್ದೇವೆ. ಎಲ್ಲರಿಗೂ ಓದಿ ತಮಿಳಿನಲ್ಲಿ ಹೇಳಿದೆ. "ಕೂರಿಸಿಕೊಂಡು ವಿಚಾರಿಸಿದ್ದೀರಾ" ಅನ್ನುವ ಸಾಲನ್ನು ಮತ್ತೆ ಮತ್ತೆ ಹೇಳಿಸಿದರು. ಅವತ್ತು ಸಂಜೆ ಸಾಂಬಾರಿಗೂ ರುಚಿ ಇತ್ತು.

ಹುಟ್ಟಿನ ವಿಷಯ. ನನ್ನ ಅಮ್ಮ ಮುತ್ತುಲಕ್ಷ್ಮಿ ತವರಿಗೆಂದು ಧನುಷ್ಕೋಟಿಯ ದಾರಿಯಲ್ಲಿ ಬಂದು, ಕಾಮಯಗೌಂಡನ್‌ಪಟ್ಟಿಯಲ್ಲಿ ನನ್ನನ್ನು ಹೆತ್ತು, ಐದು ತಿಂಗಳ ಕೂಸನ್ನು ಎತ್ತಿಕೊಂಡು ತೋಟಕ್ಕೆ ಹಿಂತಿರುಗಿದಳಂತೆ. ಅಲ್ಲಿಂದ ಮುಂದೆ ಮೂವತ್ತನಾಲ್ಕು ವರ್ಷ ನಾನು ನೋಡಿದ್ದು ಟೀ ಗಿಡ ಮಾತ್ರ. ಪಳನಿಗೆ ಕಾವಡಿ ಹೊತ್ತವರು ಬೀದಿಯಲ್ಲಿ ಹೋಗುತ್ತಿದ್ದಾಗ ನೋವು ಬಂತಂತೆ. "ನಿನ್ನ ಉಳಿಸ್ಕೊಂಡಿದ್ದು ದೊಡ್ಡ ಕತೆ, ಊರಿಗೆ ಓದಾಗ ಏಳ್ತೀನಿ" ಅನ್ನುತ್ತಿದ್ದಳು. ಊರಿಗೆ ಬರುವ ಮೊದಲೇ ಹೋಗಿಬಿಟ್ಟಳು.

ಆ ಸರ್ಕಾರ ನಮ್ಮನ್ನು ಎಂದೂ ತನ್ನವರೆನ್ನಲಿಲ್ಲ, ನೀವು ಇಂಡಿಯಾದವರು ಅಂದಿತು. ಇಲ್ಲಿಗೆ ಬಂದರೆ ಇಲಂಗೈಯವಳು, ಲಂಕೆಯವಳು ಅನ್ನುತ್ತಾರೆ. ಆ ದಡದಲ್ಲಿ ನನಗೆ ಈಗ ಒಂದು ಹಿಡಿ ಅನ್ನ ಹಾಕುವವರಿಲ್ಲ, ಕಣ್ಣು. ನನ್ನ ಜನ ಅಂದರೆ ನಿಮ್ಮ ಮನೆ.

ಇನ್ನೊಂದು. ಒಬ್ಬರು ಯಾವುದಾದರೂ ಕಾಗದಕ್ಕೆ ಸಹಿ ಹಾಕಿದ್ದರೆ ಅದು ಕೋರ್ಟಿಗೆ ಬೇಕಾಗುತ್ತದಾ? ಸುಮ್ಮನೆ ಕೇಳಿದೆ.

ದೊಡ್ಡಮ್ಮ


ದಿಂಡಿಗಲ್
25 ಜೂನ್ 1998

ದೊಡ್ಡಮ್ಮನಿಗೆ,

ನೀವು ಅಧಿಕಾರಿಗೆ ಕೊಟ್ಟ ಉತ್ತರವನ್ನು ಸೀನಿಯರ್‌ಗೆ ಹೇಳಿದೆ. "ಆ ಹೆಂಗಸೇ ವಾದ ಮಾಡಬಹುದು, ನೀನು ಯಾಕೆ" ಅಂದರು.

ಕಾವಡಿಯ ಮಾತು ಚಿನ್ನ. ತೈಪೂಸದ ಹಬ್ಬಕ್ಕೆ ತಾನೆ ಜನ ಪಳನಿಗೆ ಹೋಗುವುದು? ಹಳೆಯ ಪಂಚಾಂಗ ನೋಡಿಸಿದೆ. 1950ರ ತೈಪೂಸ ಫೆಬ್ರವರಿ ಮೊದಲಲ್ಲಿ ಬಿದ್ದಿದೆ. ದೊಡ್ಡಮ್ಮ, ಆ ವರ್ಷ ಜನವರಿ 26ರಿಂದ ಈಚೆಗೆ ಈ ನೆಲದಲ್ಲಿ ಹುಟ್ಟಿದ ಕೂಸು, ಅಪ್ಪ ಅಮ್ಮ ಯಾರೇ ಆಗಿರಲಿ, ಹುಟ್ಟಿನಿಂದಲೇ ಈ ದೇಶದ ಪ್ರಜೆ. ಕಾನೂನಿನಲ್ಲಿ ಬರೆದಿದೆ. ಒಂದು ವಾರ ಮುಂಚೆ ಹುಟ್ಟಿದ್ದರೆ ಸೀನಿಯರ್‌ಗೆ ಇನ್ನೂ ಹತ್ತು ಕಾನೂನು ಪುಸ್ತಕ ಬೇಕಾಗುತ್ತಿತ್ತು. ನೀವು ಕಾದು ಕೂತು ಹುಟ್ಟಿದ್ದೀರಿ.

ಅಂದರೆ ನಮಗೆ ಬೇಕಾದ್ದು ಒಂದೇ ಒಂದು ಸಾಲು, ಹುಟ್ಟಿನ ದಾಖಲೆ. ಮಂಗಳವಾರ ಉತ್ತಮಪಾಳಯದ ತಾಲೂಕು ಕಚೇರಿಗೆ ಓಡಿದೆ. ರೆಕಾರ್ಡು ಕೋಣೆಯನ್ನು ನೋಡಿಕೊಳ್ಳುವ ಪೆರಿಯಣ್ಣನ್ ಎಂಬ ಮುದುಕರು ಮೂಗಿಗೆ ಟವೆಲು ಕಟ್ಟಿಕೊಂಡು ಒಳಗೆ ಹೋಗಿ, ನಮ್ಮೂರಿನ ಹುಟ್ಟುಸಾವಿನ ಪುಸ್ತಕ ಮೂರೇ ಮೂರು ಉಳಿದಿವೆಯೆಂದು ಮೂರನ್ನೂ ಎದೆಗವಚಿಕೊಂಡು ಬಂದರು. ಗೆದ್ದಲು ಹಿಡಿದಿಲ್ಲ, ನೀರು ಬಿದ್ದಿಲ್ಲ, ಗ್ರಾಮ ಮುನ್ಸೀಫರ ಕೈಬರಹ ಮುತ್ತಿನಂತಿದೆ. ಕಚೇರಿ ಮುಚ್ಚುವವರೆಗೂ ಕೂತು ಹಾಳೆಹಾಳೆಯನ್ನೂ ನೋಡಿದೆ.

ಇನ್ನೂ ಎರಡು ಪುಸ್ತಕ ನೋಡುವುದು ಬಾಕಿಯಿದೆ. ಸಿಕ್ಕೇ ಸಿಗುತ್ತದೆ, ನೀವು ನಿಶ್ಚಿಂತೆಯಿಂದಿರಿ.

ಸಹಿಯ ಬಗ್ಗೆ ಕೇಳಿದ್ದೀರಿ. ಸೋಪು ಎಣ್ಣೆಗೆ ಹಾಕಿಸಿಕೊಳ್ಳುವ ಸಹಿ ತಾನೆ? ಅದಕ್ಕೆಲ್ಲ ಹೆದರುವುದು ಬೇಡ.

ಸುಗನ್ಯಾ


ದಿಂಡಿಗಲ್
4 ಜುಲೈ 1998

ದೊಡ್ಡಮ್ಮನಿಗೆ,

ನಿನ್ನೆ ಸರ್ಕಾರದ ವಕೀಲರು ಹೈಕೋರ್ಟಿನಲ್ಲಿ ಒಂದು ಕಾಗದ ಎತ್ತಿ ತೋರಿಸಿದರು. "ನಾನು ಸ್ವಂತ ಇಚ್ಛೆಯಿಂದ ಶ್ರೀಲಂಕಾಕ್ಕೆ ಹಿಂತಿರುಗಲು ಒಪ್ಪಿದ್ದೇನೆ." ಇಂಗ್ಲಿಷಿನಲ್ಲಿ ಟೈಪು ಮಾಡಿದ್ದು. ಕೆಳಗೆ ನಿಮ್ಮ ಸಹಿ. ತಾನಾಗಿ ಹೋಗುತ್ತೇನೆಂದವಳಿಗೆ ವಿಚಾರಣೆ ಯಾಕೆ ಎಂದರು. ಕೋರ್ಟಿನಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿ ನೋಡಿದರು.

ಸಹಿಯೇ ಸುಳ್ಳಿರಬೇಕೆಂದು ನಾನು ಹಾರಾಡಿದೆ. ಸೀನಿಯರ್ ನಿಮ್ಮ ಕಾಗದ ತರಿಸಿ ಪಕ್ಕದಲ್ಲಿಟ್ಟರು. ಅದೇ ಸಹಿ. ಆಗ ನೀವು ಸುಮ್ಮನೆ ಕೇಳಿದ ಪ್ರಶ್ನೆ ನೆನಪಾಯಿತು. ನನಗೆ ಸಿಟ್ಟು ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ. ವಕೀಲರ ಹತ್ತಿರ ಮುಚ್ಚಿಟ್ಟರೆ ವಕೀಲರೇನು ಮಂತ್ರ ಹಾಕುತ್ತಾರೆಯೇ? ಏನಾಯಿತೆಂದು ಒಂದು ಅಕ್ಷರ ಬಿಡದೆ ಬರೆಯಿರಿ.

ಸುಗನ್ಯಾ


ಕ್ಯಾಂಪು
12 ಜುಲೈ 1998

ಕಣ್ಣು,

ಬೈದದ್ದು ಸರಿ. ನಿನ್ನ ಅಪ್ಪನೂ ಸಣ್ಣವನಿದ್ದಾಗ ಹೀಗೇ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡಿದ್ದನಂತೆ.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಚಾಪೆ ಕೊಡುತ್ತೇವೆ, ಸಾಲಾಗಿ ನಿಲ್ಲಿ ಅಂದರು. ಮೇಜಿನ ಮೇಲೆ ಎರಡು ಕಾಗದ ಇಟ್ಟಿದ್ದರು. ಒಂದು ಚಾಪೆಗೆ, ಇನ್ನೊಂದೂ ಚಾಪೆಗೆ ಅಂದರು. ಓದಿ ಹೇಳಿ ಅಂದದ್ದಕ್ಕೆ, ಹಿಂದೆ ಸಾಲು ಕಾಯುತ್ತಿದೆ ಅಂದರು. ನಾನು ಹಾಕಿದೆ. ಸಂಜೆ ಒಬ್ಬಳು ಹೇಳಿದಳು, ಅದು ಶ್ರೀಲಂಕಾಕ್ಕೆ ಹೋಗುವ ಒಪ್ಪಿಗೆಯೆಂದು. ಆ ಚಾಪೆಯ ಮೇಲೆ ನಾನು ಇವತ್ತಿನವರೆಗೂ ಮಲಗಿಲ್ಲ.

ನಿನಗೆ ಯಾಕೆ ಹೇಳಲಿಲ್ಲ? ನಾಚಿಕೆ, ಕಣ್ಣು. ತೋಟದಲ್ಲಿ ನನ್ನ ಕತ್ತರಿ ತಪ್ಪಿ ಬಳ್ಳಿಯ ಒಂದು ಚಿಗುರಿನ ಕಣ್ಣು ಕೊಯ್ದದ್ದಿಲ್ಲ, ಅಂಥವಳು ಒಂದು ಚಾಪೆಗೆ ನನ್ನನ್ನೇ ಕೊಯ್ದುಕೊಟ್ಟೆ. ನೀನು ಎರಡು ಸೋಡಾ ಕುಡಿದು ಕುಣಿಯುತ್ತಿದ್ದಾಗ ಇದನ್ನು ಹೇಗೆ ಹೇಳಲಿ?

ಈಗ ನನ್ನ ಸರದಿ. ಪುಸ್ತಕ ಮೂರೇ ಮೂರು ಉಳಿದಿವೆ, ಎಲ್ಲ ಹಾಳೆ ನೋಡಿದೆ ಅಂತ ಬರೆದಿದ್ದೀಯ. ಅದರ ಕೆಳಗೇ ಇನ್ನೂ ಎರಡು ಪುಸ್ತಕ ಬಾಕಿ ಅಂತ ಬರೆದಿದ್ದೀಯ. ನನಗೆ ಇಲ್ಲಿ ನಿನ್ನ ಕಾಗದ ಓದುವುದು ಬಿಟ್ಟರೆ ಬೇರೆ ಕೆಲಸವಿಲ್ಲ, ಅದು ನೆನಪಿರಲಿ. ಪುಸ್ತಕದಲ್ಲಿ ನನ್ನ ಹೆಸರಿಲ್ಲ, ಅಲ್ಲವಾ? ಇಲ್ಲದಿದ್ದರೆ ಇಲ್ಲ ಅನ್ನು. ಹೊಡೆತ ಬೀಳುವ ಮೊದಲು ಬೆನ್ನನ್ನಾದರೂ ಗಟ್ಟಿ ಮಾಡಿಕೊಳ್ಳುತ್ತೇನೆ.

ದೊಡ್ಡಮ್ಮ


ದಿಂಡಿಗಲ್
23 ಜುಲೈ 1998

ದೊಡ್ಡಮ್ಮನಿಗೆ,

ಸಿಕ್ಕಿಬಿದ್ದೆ. ತಪ್ಪಾಯಿತು. ಮುತ್ತುಲಕ್ಷ್ಮಿಗೆ ಹೆಣ್ಣು ಎಂಬ ಸಾಲು 1950ರ ಪುಸ್ತಕದಲ್ಲಿ ಇರಲಿಲ್ಲ. ನೀವು ಇಲ್ಲಿ ಹುಟ್ಟಿಯೇ ಇಲ್ಲವೇನೋ ಎಂಬ ಭಯ ಬಂತು, ಅದಕ್ಕೇ ಬರೆಯಲಿಲ್ಲ. ನಿಮ್ಮ ಕಾಗದ ಓದಿ ಮುಖ ಬಿಸಿಯಾಗಿ ಮರುದಿನವೇ ಉತ್ತಮಪಾಳಯಕ್ಕೆ ಹೋದೆ. ಪೆರಿಯಣ್ಣನ್ ಅವರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಹುಟ್ಟಿನ ಹಾಳೆ ಬಿಟ್ಟು ಸಾವಿನ ಹಾಳೆ ತೆರೆದರು. ಮುತ್ತುಲಕ್ಷ್ಮಿಯ ಮಗು, ಮುತ್ತುಲಕ್ಷ್ಮಿಯ ಮಗು. ಎರಡು ವರ್ಷದಲ್ಲಿ ಎರಡು. ನಿಮಗೆ ಮುಂಚೆ, ತವರಿಗೆ ಬಂದು ಹೆತ್ತ ಎರಡು ಕೂಸು ಹೋಗಿವೆ, ದೊಡ್ಡಮ್ಮ. ಇದನ್ನು ಕಾಗದದಲ್ಲಿ ಹೇಳುತ್ತಿರುವುದಕ್ಕೆ ಕ್ಷಮಿಸಿ.

ಅವರು ಕನ್ನಡಕ ತೆಗೆದು ಕೇಳಿದರು, "ಅಮ್ಮಾ, ಮೂರನೇದನ್ನ ತವುಡಿಗೆ ಮಾರಿರ್ತಾರೆ. ಪಕ್ಕದ ಮನೆ ಹೆಸರಲ್ಲಿ ನೋಡಿದಿಯಾ?"

ಇತ್ತು. 1950 ಫೆಬ್ರವರಿ 1, ಹೆಣ್ಣು, ತಾಯಿ ಗೋವಿಂದಮ್ಮಾಳ್, ನಮ್ಮ ಮನೆಯ ಪಕ್ಕದ ಬಾಗಿಲು. ನಾನು ಕಚೇರಿ ಎಂಬುದನ್ನೂ ಮರೆತು ಪೆರಿಯಣ್ಣನ್ ಕಾಲಿಗೆ ಬಿದ್ದೆ. ಅಪ್ಪನನ್ನು ಹಿಡಿದು ಕೇಳಿದರೆ ಈಗ ನೆನಪು ಬರುತ್ತಿದೆಯಂತೆ. ಕೂಸು ಉಳಿಯದ ಮನೆಯಲ್ಲಿ ಆಗ ಮಾಡುತ್ತಿದ್ದುದೇ ಅದು. ಹೆರಿಗೆಯನ್ನು ಪಕ್ಕದ ಮನೆಯಲ್ಲಿ ಮಾಡಿಸಿ, ಒಂದು ಪಡಿ ತವುಡಿಗೆ ಕೂಸನ್ನು ಆ ಮನೆಯವಳಿಗೆ ಮಾರುವುದು. ಯಮ ಹುಡುಕಿಕೊಂಡು ಬಂದರೆ ಈ ಮನೆಯಲ್ಲಿ ಕೂಸೇ ಇಲ್ಲ. ದೊಡ್ಡದಾದ ಮೇಲೆ ತವುಡು ಹಿಂತಿರುಗಿಸಿ ಬಿಡಿಸಿಕೊಳ್ಳಬೇಕು. ನಮ್ಮ ಮುತ್ತಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗ್ರಾಮ ಮುನ್ಸೀಫರ ಪುಸ್ತಕದಲ್ಲೂ ಪಕ್ಕದವಳ ಹೆಸರೇ ಬರೆಸಿದ್ದಾರೆ. ಯಮನಿಗೆ ಓದಲು ಬಂದರೆ ಅಂತಲೋ ಏನೋ. ಅವನಿಗೆ ಹಾಕಿದ ಟೋಪಿ ಈಗ ಸರ್ಕಾರದ ತಲೆಗೆ ಸರಿಯಾಗಿ ಕೂತಿದೆ.

ಆ ಸಾಲಿನ ಕೂಸು ನೀವೇ ಎಂದು ಹೇಳಬಲ್ಲವರು ಒಬ್ಬರೇ. ಗೋವಿಂದಮ್ಮಾಳ್ ಬದುಕಿದ್ದಾರೆ, ದೊಡ್ಡಮ್ಮ. ಎಂಬತ್ತರ ಹತ್ತಿರ. ಬೋಡಿಮೆಟ್ಟಿನ ಏಲಕ್ಕಿ ತೋಟದಲ್ಲಿ ಮಗಳು ಚಿನ್ನತಾಯಿಯ ಜೊತೆ ಇದ್ದಾರೆ. ನಿನ್ನೆ ಹೋಗಿದ್ದೆ. ಘಾಟಿನ ತಿರುವುಗಳಲ್ಲಿ ಎರಡು ಸಲ ವಾಂತಿ ಮಾಡಿಕೊಂಡೆ, ಆದರೂ ಬಸ್ಸು ನಿಧಾನವೆಂದು ಕಂಡಕ್ಟರನ ಹತ್ತಿರ ಜಗಳವಾಡಿದೆ.

ಅಜ್ಜಿ ಮೊರದಲ್ಲಿ ಏಲಕ್ಕಿ ಆರಿಸುತ್ತಾ ಕೂತಿದ್ದರು. ನಿಮ್ಮ ಹೆಸರು ಹೇಳಿದೆ. ಕೈ ನಿಂತಿತು. ಸಾಕ್ಷಿ ಹೇಳಬೇಕೆಂದದ್ದಕ್ಕೆ ಅವರು ಹೇಳಿದ್ದು ಇಷ್ಟು:

"ಏಳಲ್ಲ. ಬುಡಿಸ್ಕೊಳ್ಳದೇ ಕಡಲಾಚೆ ಎತ್ಕೊಂಡು ಓದ್ರು. ಇನ್ನೂ ನನ್ನ ಕೂಸೇ ಅದು. ಮುತ್ತುಲಕ್ಷ್ಮಿ ಒಟ್ಟೇಲಿ ಉಟ್ಟಿದ್ದು ಅಂತ ನನ್ನ ಬಾಯಲ್ಲಿ ಬಂದ್ರೆ, ಅವತ್ತೇ ಅವನು ಬತ್ತಾನೆ. ಎರಡನ್ನ ಮಣ್ಣು ಮಾಡಿದ್ದು ನೋಡಿವ್ನಿ. ಇದು ಬದುಕ್ಲಿ."

ನಾನು ಕಾನೂನು ಹೇಳಿದೆ, ಗೋಗರೆದೆ, ಕೊನೆಗೆ ಸ್ವಲ್ಪ ಗದರಿದೆ ಕೂಡ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಡುವಾಗ ಚಿನ್ನತಾಯಿ ಬಸ್ಸಿನವರೆಗೂ ಬಂದು ಹೇಳಿದ ಮಾತು ಇದು. ನೀವು ಹದಿನಾಲ್ಕು ವರ್ಷದಿಂದ ಕೆಳಗಿದ್ದೀರೆಂದು ಅಜ್ಜಿಗೆ ಗೊತ್ತಿತ್ತಂತೆ. ಬೋಡಿ ಸಂತೆಗೆ ಇಳಿದಾಗಲೆಲ್ಲ ನಮ್ಮೂರಿನವರನ್ನು ಹುಡುಕಿ, ಕರುಪ್ಪಸಾಮಿ ಮನೆಯ ಇಲಂಗೈ ಹೆಂಗಸು ಚೆನ್ನಾಗಿದ್ದಾಳಾ ಎಂದು ಕೇಳುತ್ತಿದ್ದರಂತೆ. ನಿಮ್ಮ ಎದುರಿಗೆ ಬಂದರೆ ಯಮನಿಗೆ ದಾರಿ ತೋರಿಸಿದಂತೆ ಆಗುತ್ತದೆಂದು ಒಮ್ಮೆಯೂ ಬರಲಿಲ್ಲ.

ವಿಚಾರಣೆ ಇದೇ ಇಪ್ಪತ್ತೊಂಬತ್ತಕ್ಕೆ, ಅಲ್ಲೇ ಕ್ಯಾಂಪಿನಲ್ಲಿ. ಸೀನಿಯರ್ ಬರುತ್ತಾರೆ. ಚಾಪೆಯ ಕತೆಯನ್ನು ಅಧಿಕಾರಿಗೆ ಹಾಗೆಯೇ ಹೇಳಿ. ಗೊತ್ತಿರುವ ಭಾಷೆಯಲ್ಲಿ ಓದಿ ಹೇಳದೆ ಹಾಕಿಸಿಕೊಂಡ ಸಹಿ ಒಪ್ಪಿಗೆಯಾಗುವುದಿಲ್ಲ, ಅದನ್ನೂ ತನಿಖೆ ಮಾಡಿ ಎಂದು ಕೋರ್ಟು ಹೇಳಿದೆ. ನಾನು ಮತ್ತೆ ಬೋಡಿಮೆಟ್ಟಿಗೆ ಹೋಗುತ್ತೇನೆ. ಅಜ್ಜಿಯನ್ನು ಹೊತ್ತುಕೊಂಡಾದರೂ ತರುತ್ತೇನೆ.

ಸುಗನ್ಯಾ


ಕ್ಯಾಂಪು
31 ಜುಲೈ 1998

ಕಣ್ಣು ಸುಗನ್ಯಾಗೆ,

ನನ್ನನ್ನು ಕೂರಿಸಿಕೊಂಡು ಕೇಳಿದರು. ಕುರ್ಚಿ ಕೊಟ್ಟು ಕೇಳಿದರು. ಎರಡು ಗಂಟೆ ನಾನೊಬ್ಬಳೇ ಮಾತಾಡಿದೆ, ನಿಮ್ಮ ಸೀನಿಯರ್ ಪಕ್ಕದಲ್ಲಿದ್ದರು. ಹೇಳಿದ್ದನ್ನೆಲ್ಲ ಬರೆದುಕೊಂಡು ತಮಿಳಿನಲ್ಲಿ ಓದಿ ಹೇಳಿದರು. ಎರಡು ಕಡೆ ತಪ್ಪಿತ್ತು, ತಿದ್ದಿಸಿದೆ. ಆಮೇಲೆ ಸಹಿ ಹಾಕಿದೆ. ಚಾಪೆಯ ಮಾತು ಬಂದಾಗ ಅಧಿಕಾರಿ ಉಳಿದ ಹತ್ತು ಹೆಂಗಸರನ್ನೂ ಕರೆಸಿ ಕೇಳಿದರು. ಎಲ್ಲರದ್ದೂ ಅದೇ ಚಾಪೆ. ಆ ಒಪ್ಪಿಗೆ ಕಾಗದಗಳನ್ನು ಬದಿಗಿಟ್ಟರು. ಅವತ್ತು ರಾತ್ರಿ ನಾನು ಆ ಚಾಪೆ ಹಾಸಿ ಮಲಗಿದೆ.

ಆದರೆ ಹುಟ್ಟು ಇನ್ನೂ ಸಾಬೀತಾಗಿಲ್ಲ ಅಂದರು. ಸಾಕ್ಷಿಗೆ ಆಗಸ್ಟ್ ಹದಿಮೂರರವರೆಗೆ ಸಮಯ. ಆಮೇಲೆ ಇದ್ದದ್ದರ ಮೇಲೆ ತೀರ್ಮಾನ. ಇದ್ದದ್ದು ಅಂದರೆ ಪೊಲೀಸರ ಎರಡು ಸಾಲು.

ನಿನ್ನ ಕಾಗದದಲ್ಲಿ ತವುಡಿನ ಭಾಗ ಓದಿದಾಗ ನಾನು ಗೋಡೆ ಕಡೆ ತಿರುಗಿ ಕೂತೆ. ಮುತ್ತುಲಕ್ಷ್ಮಿ ಹೇಳದೆ ಹೋದ ಕತೆ ಇದಿರಬೇಕು. ನನಗೆ ಯಾರೂ ಇಲ್ಲ ಅಂತ ಆ ದಡದಲ್ಲಿ ಎಷ್ಟು ಸಲ ಅತ್ತಿದ್ದೆ. ಇಲ್ಲಿ ಒಬ್ಬಾಕೆ ಸಂತೆಗೆ ಬಂದಾಗಲೆಲ್ಲ ನಾನು ಚೆನ್ನಾಗಿದ್ದೇನಾ ಎಂದು ಕೇಳುತ್ತಿದ್ದರು.

ಅವರನ್ನು ಹೊತ್ತು ತರಬೇಡ. ಗದರಿದ್ದಕ್ಕೆ ಹೋಗಿ ಕ್ಷಮೆ ಕೇಳು. ನನ್ನ ಮಾತು ಕೇಳದೆ ಸಹಿ ಹಾಕಿಸಿಕೊಂಡರೆಂದು ಹೈಕೋರ್ಟಿಗೆ ಹೋದವಳು ನಾನು. ಅವರಿಗೆ ಮನಸ್ಸಿಲ್ಲದ ಮಾತನ್ನು ಅವರ ಬಾಯಿಂದ ಹೊರಡಿಸಿದರೆ ನಾನು ಯಾವ ಸೀಮೆಯ ಹೆಂಗಸು? ಹೇಳುವುದಾದರೆ ಅವರಾಗಿ ಹೇಳಲಿ. ಇಲ್ಲದಿದ್ದರೆ ನಾನು ಹಡಗು ಹತ್ತುತ್ತೇನೆ. ನನಗೆ ಹೆದರಿಕೆಯಿದೆ, ಇಲ್ಲ ಅನ್ನುವುದಿಲ್ಲ. ಆದರೂ ಇದೇ ನನ್ನ ಮಾತು, ಅವರಿಗೆ ಓದಿ ಹೇಳು.

ದೊಡ್ಡಮ್ಮ


ದಿಂಡಿಗಲ್
14 ಆಗಸ್ಟ್ 1998

ದೊಡ್ಡಮ್ಮನಿಗೆ,

ರಾತ್ರಿ ನಿದ್ದೆ ಮಾಡಿಲ್ಲ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಳ್ಳಿ.

ನಿಮ್ಮ ಕಾಗದ ನನಗೆ ತಲುಪಿದ್ದು ಹತ್ತನೇ ತಾರೀಕು. ಈ ಸಲವೂ ಆಫೀಸಿನಲ್ಲಿ ಯಾರೋ ನಮ್ಮ ಕನ್ನಡ ಕಲಿಯುತ್ತಿದ್ದರೆಂದು ಕಾಣುತ್ತದೆ. ಮರುದಿನ ಬೋಡಿಮೆಟ್ಟು ಹತ್ತಿದೆ. ಅಜ್ಜಿ ಬಾಗಿಲು ತೆಗೆಯಲಿಲ್ಲ. ನಾನು ಹೊರಗಿನ ಕಟ್ಟೆಯ ಮೇಲೆ ಕೂತು ಕ್ಷಮೆ ಕೇಳಿ, ನಿಮ್ಮ ಕಾಗದವನ್ನು ಬಾಗಿಲಿಗೇ ಓದಿದೆ. ಓದಿ ಮುಗಿಸಿ ಕಾದೆ. ಕೊನೆಯ ಬಸ್ಸಿನ ಹೊತ್ತಾದರೂ ಬಾಗಿಲು ತೆರೆಯಲಿಲ್ಲ. ಚಿನ್ನತಾಯಿಗೆ ವಿಚಾರಣೆಯ ದಿನವನ್ನೂ ಜಾಗವನ್ನೂ ಹೇಳಿ, ಬಸ್ಸು ಹತ್ತಿ ಅಳುತ್ತಾ ಘಾಟಿ ಇಳಿದೆ. ಕೇಸು ಸೋತೆವು ಎಂದುಕೊಂಡೆ.

ನಿನ್ನೆ ಕೊನೆಯ ದಿನ. ಸಾಕ್ಷಿಗೆಂದು ಅಧಿಕಾರಿ ಬೋಡಿಯ ಪ್ರವಾಸಿ ಬಂಗಲೆಯಲ್ಲಿ ಬಂದು ಕೂತಿದ್ದರು. ಹನ್ನೆರಡಾಯಿತು. ಒಂದಾಯಿತು. ಅವರು ಫೈಲು ಕಟ್ಟುತ್ತಿದ್ದಾಗ ಏಲಕ್ಕಿ ಮೂಟೆಯ ಜೀಪೊಂದು ಬಂದು ನಿಂತಿತು. ಮೂಟೆಗಳ ನಡುವಿನಿಂದ ಚಿನ್ನತಾಯಿ ಇಳಿದಳು, ಆಮೇಲೆ ಅಜ್ಜಿ. ನನ್ನನ್ನು ನೋಡಿ ಹೇಳಿದರು, "ಬ್ಯಾಡ ಅಂತ ಏಳಿ ಕಳಿಸವ್ಳಲ್ಲ. ತನ್ನ ಉಸುರಿಗೆ ಬಂದಿರುವಾಗ ನನ್ನ ಮನಸು ನೋಡವ್ಳೆ. ಇನ್ನು ನಾ ಎಂಗೆ ಸುಮ್ನಿರ್ಲಿ?"

ಅಪ್ಪ ಒಂದು ಪಡಿ ತವುಡನ್ನು ಮೊರದಲ್ಲಿಟ್ಟುಕೊಂಡು ಬಂದಿದ್ದರು. ಈಗಲೇ ಬಿಡಿಸಿಕೊಂಡುಬಿಟ್ಟರೆ ಅಜ್ಜಿಗೆ ಭಯವಿಲ್ಲದೆ ಹೇಳಬಹುದೆಂದು ಅವರ ಲೆಕ್ಕ. ಮೊರವನ್ನು ಅಜ್ಜಿಯ ಮುಂದೆ ಹಿಡಿದರು. ಅಜ್ಜಿ ನೋಡಿದರು, ಕೈ ಚಾಚಲಿಲ್ಲ.

"ಯಾಕಪ್ಪಾ ಕರುಪ್ಪಸಾಮಿ, ನಾನು ಸಾಕ್ಸಿ ಏಳೋಕೆ ಬಂದಿವ್ನಿ. ಮಗಳ ಮಾರೋಕೆ ಬಂದಿಲ್ಲ. ಎತ್ಕೊಂಡೋಗು."

ಅಪ್ಪ ಆ ಮೊರ ಹಿಡಿದುಕೊಂಡೇ ಒಂದು ಗಂಟೆ ಮೂಲೆಯಲ್ಲಿ ನಿಂತಿದ್ದರು ಪಾಪ.

ಅಧಿಕಾರಿ ಕೇಳಿದರು, ಪುಸ್ತಕದಲ್ಲಿ ತಾಯಿ ನೀವೆಂದಿದೆ, ನೀವೇ ಹೆತ್ತದ್ದೋ? ಸುಳ್ಳು ಹೇಳಿದರೆ ಕೇಸು ಬೀಳುತ್ತದೆ. ನಿಜ ಹೇಳಿದರೆ ಅಜ್ಜಿಯ ಲೆಕ್ಕದಲ್ಲಿ ನೀವು ಸಾಯುತ್ತೀರಿ. ಅಜ್ಜಿ ಕುರ್ಚಿಯಿಂದ ಎದ್ದು, ಅಧಿಕಾರಿಯನ್ನಲ್ಲ, ಬಾಗಿಲ ಕಡೆ ನೋಡಿಕೊಂಡು ದೊಡ್ಡ ದನಿಯಲ್ಲಿ ಹೇಳಿದರು:

"ಮುತ್ತುಲಕ್ಷ್ಮಿ ಎತ್ತಳು. ನನ್ನ ಮನೇಲಿ, ನನ್ನ ಮಡಿಲಲ್ಲಿ. ಒಕ್ಕುಳ ಬಳ್ಳಿ ಕುಯ್ದೋಳು ನಾನು. ತವುಡು ಅಳೆದು ಕೊಂಡೋಳೂ ನಾನೇ. ಕೇಳಿಸ್ಕೊಂಡೋನು ಯಾರಾದ್ರೂ ಇದ್ರೆ ಬೋಡಿಮೆಟ್ಟಿಗೆ ಬರ್ಲಿ. ಪುಸ್ತಕದಾಗೆ ಇರೋದು ನನ್ನ ಎಸರು, ಅವಳದಲ್ಲ."

ಟೈಪು ಮಾಡುತ್ತಿದ್ದವರು ಕೈ ನಿಲ್ಲಿಸಿ ಬಾಗಿಲ ಕಡೆ ನೋಡಿದರು. ನಾನೂ ನೋಡಿದೆ, ನಗಬೇಡಿ.

ಆಮೇಲೆ ಅಧಿಕಾರಿ, ಆ ಕೂಸೇ ಈ ಪಾಂಡಿಯಮ್ಮಾಳ್ ಎನ್ನುವುದಕ್ಕೆ ಗುರುತೇನು ಎಂದರು. ಅಜ್ಜಿ ತಕ್ಷಣ ಹೇಳಿದರು, ಕೊಂಡ ದಿನ ಅರಿಶಿನದ ಕೊಂಬು ಸುಟ್ಟು ಎಡ ಹಿಮ್ಮಡಿಯ ಒಳಮಗ್ಗುಲಿಗೆ ಬರೆ ಹಾಕಿದ್ದೇನೆ, ಅಡ್ಡಕ್ಕೆ ಎರಡು ಗೆರೆ. ಕೂಸು ಐದು ತಿಂಗಳಾದಾಗಿನಿಂದ ನಾನು ನೋಡಿಲ್ಲ ಅಂದರು. ಅಧಿಕಾರಿ ನನ್ನ ಮುಖ ನೋಡಿ, ನಿಮಗೆ ಗೊತ್ತಿತ್ತೇ ಎಂದರು. ಇಲ್ಲವೆಂದು ಪ್ರಮಾಣ ಮಾಡಿದೆ. ಹೇಳಿಕೆಯನ್ನು ಲಕೋಟೆಯಲ್ಲಿಟ್ಟು ಅರಗು ಹಾಕಿದರು. ಕ್ಯಾಂಪಿನ ಡಾಕ್ಟರು ನಿಮ್ಮ ಮೈ ಗುರುತೆಲ್ಲ ಬರೆದು ಕಳಿಸಿದ ಮೇಲೆಯೇ ಅದನ್ನು ಒಡೆಯುತ್ತಾರಂತೆ. ಅದಕ್ಕೇ ಈ ಕಾಗದವನ್ನು ಬರೆದಿಟ್ಟು, ಡಾಕ್ಟರು ನೋಡಿದರೆಂದು ಸೀನಿಯರ್ ಹೇಳಿದ ಮೇಲೆ ಅಂಚೆಗೆ ಹಾಕುತ್ತೇನೆ. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದೂ ನಿಮ್ಮ ಹಿಮ್ಮಡಿಯನ್ನು ನಾನು ಒಮ್ಮೆಯಾದರೂ ನೋಡಲಿಲ್ಲವಲ್ಲ ಎಂದು ನಿನ್ನೆಯಿಂದ ತಲೆ ಚಚ್ಚಿಕೊಳ್ಳುತ್ತಿದ್ದೇನೆ.

ಸುಗನ್ಯಾ


ಕ್ಯಾಂಪು
11 ಸೆಪ್ಟೆಂಬರ್ 1998

ನನ್ನ ಕಣ್ಣು ಸುಗನ್ಯಾಗೆ,

ನಿಮ್ಮ ಆಫೀಸಿಗೆ ಆದೇಶ ಬರುವ ಮೊದಲೇ ನಾನು ಹೇಳಬೇಕೆಂದು ಓಡಿಬಂದು ಬರೆಯುತ್ತಿದ್ದೇನೆ. ಈ ಒಂದು ಸುದ್ದಿಯಾದರೂ ನನ್ನ ಬಾಯಿಂದ ನಿನಗೆ ಮೊದಲು ತಲುಪಲಿ.

ಗುರುತು ಇದೆ. ಎರಡು ಗೆರೆ, ಅಡ್ಡಕ್ಕೆ. ಟೀ ಫ್ಯಾಕ್ಟರಿಯ ಒಲೆಗೆ ಕಾಲಿಟ್ಟು ಸುಟ್ಟುಕೊಂಡದ್ದಿರಬೇಕೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಡಾಕ್ಟರಮ್ಮ ಬರೆದುಕೊಂಡು ಹೋದರು, ಯಾಕೆಂದು ಹೇಳಲಿಲ್ಲ. ಆಮೇಲೆ ನಿನ್ನ ಕಾಗದ ಬಂತು. ಓದುತ್ತಾ ಓದುತ್ತಾ ಕಾಲನ್ನು ಮಡಿಲಿಗೆ ಎಳೆದುಕೊಂಡು ಕೂತೆ. ಹುಚ್ಚಿಯಂತೆ ನಕ್ಕೆ, ಪಕ್ಕದವರು ನೀರು ತಂದುಕೊಟ್ಟರು.

ಇವತ್ತು ಬೆಳಿಗ್ಗೆ ಆದೇಶವನ್ನು ತಮಿಳಿನಲ್ಲಿ ಓದಿ ಹೇಳಿದರು. ನಾನು 1950 ಫೆಬ್ರವರಿ 1ರಂದು ಕಾಮಯಗೌಂಡನ್‌ಪಟ್ಟಿಯಲ್ಲಿ ಹುಟ್ಟಿದವಳು. ಹುಟ್ಟಿನಿಂದ ಈ ದೇಶದವಳು. ಪರದೇಶದವರ ಕಾನೂನು ನನಗೆ ತಗಲುವುದಿಲ್ಲ. ಕಳಿಸುವ ಆದೇಶ ರದ್ದು. ಮುಂದಿನ ವಾರ ಬಿಡುತ್ತಾರೆ. ಉಳಿದ ಹತ್ತು ಜನರಲ್ಲಿ ನಾಲ್ವರು ತಮಗೂ ವಿಚಾರಣೆ ಬೇಕೆಂದು ಅರ್ಜಿ ಬರೆದುಕೊಟ್ಟಿದ್ದಾರೆ. ಉಳಿದವರು ನಾನು ಹೊರಡುವುದರೊಳಗೆ ಬರೆಯುತ್ತಾರೆ, ಬರೆಸದೆ ನಾನು ಹೊರಡುವುದಿಲ್ಲ. ನಿಮ್ಮ ಸೀನಿಯರ್‌ಗೆ ಹೇಳು, ಕೆಲಸ ಮುಗಿಯಲಿಲ್ಲ.

ಬಿಡುವ ಮೊದಲು ಒಂದು ಫಾರಂ ತುಂಬಬೇಕಂತೆ. ಹೊರಗೆ ಬಂದ ಮೇಲೆ ಯಾರ ಮನೆಗೆ ಹೋಗುತ್ತೀಯ, ಅವರ ಹೆಸರು, ವಿಳಾಸ. ಪೂರ್ತಿ ಓದಿಸಿಕೊಂಡೆ. ಕರುಪ್ಪಸಾಮಿಯ ಹೆಸರು ಬರೆಯಲು ಪೆನ್ನು ಎತ್ತಿದ್ದೆ. ನಿಮ್ಮ ಮನೆ ನನ್ನ ಮನೆ, ಅದರಲ್ಲಿ ಎರಡು ಮಾತಿಲ್ಲ, ದ್ರಾಕ್ಷಿ ಸವರುವ ಹೊತ್ತಿಗೆ ಕತ್ತರಿ ಹಿಡಿದು ನಿಂತಿರುತ್ತೇನೆಂದು ಅಪ್ಪನಿಗೆ ಹೇಳು. ಅವನು ಬೇಜಾರು ಮಾಡಿಕೊಳ್ಳಬಾರದು. ನಾನು ಬರೆದದ್ದು ಗೋವಿಂದಮ್ಮಾಳ್, ಬೋಡಿಮೆಟ್ಟು. ಅದರ ಕೆಳಗೆ, ನೀನು ಅವರಿಗೆ ಏನಾಗಬೇಕು ಎಂದು ಕೇಳಿದ್ದರು. ಮಗಳು ಎಂದು ಬರೆದೆ.

ಹದಿನೆಂಟನೇ ತಾರೀಕು ಶುಕ್ರವಾರ ಮಧ್ಯಾಹ್ನ ಬೋಡಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತೇನೆ. ಅವರನ್ನು ಕರೆದುಕೊಂಡು ಬಾ. ನೀನು ಪಕ್ಕದಲ್ಲೇ ನಿಂತಿರಬೇಕು. ಬಸ್ಸಿನಿಂದ ಎಷ್ಟೋ ಹೆಂಗಸರು ಇಳಿಯುತ್ತಾರೆ, ಅವರಲ್ಲಿ ನಾನು ಯಾರೆಂದು ಅಮ್ಮನಿಗೆ ತಿಳಿಯುವುದಿಲ್ಲ.

ಪಾಂಡಿಯಮ್ಮಾಳ್